ತನ್ನ ಮನೆಯನ್ನು ತಾನೇ ಎಣಿಸಿದವನ ಮೊಮ್ಮಗ

ಇಂಗೋಲ್ಫ್ ಬದುಕೆಲ್ಲ ದುಡಿದದ್ದು ಉತ್ತರ ನಾರ್ವೆಯ ನಮ್ಮ ಕೊಲ್ಲಿ ದಾಟಿಸುವ ಬಾರ್ಜಿನ ಮೇಲೆ. ಯಾವ ಕಾರು ಎಲ್ಲಿ ನಿಲ್ಲಬೇಕು, ಮೀನಿನ ಲಾರಿ ಯಾವ ಬದಿಗೆ ಎಂದು ಕೈಸನ್ನೆಯಲ್ಲೇ ಹೇಳುತ್ತಿದ್ದ. ಪಾದ್ರಿಯ ಕಾರನ್ನು ಗೊಬ್ಬರದ ಟ್ರಾಕ್ಟರಿನ ಬೆನ್ನಿಗೆ ನಿಲ್ಲಿಸಿ, ಅವರು ಮೂಗು ಮುಚ್ಚಿಕೊಂಡರೂ ಜಾಗ ಬದಲಿಸದವನು. ಮದುವೆಯಾಗಲಿಲ್ಲ. ನಿವೃತ್ತನಾದ ಮೇಲೆ ಆಲೂಗೆಡ್ಡೆ ಬೆಳೆದ, ಕಡಲು ತಂದು ಎಸೆದ ಮರದ ದಿಮ್ಮಿಗಳನ್ನು ಸೀಳಿ ಒಟ್ಟಿದ. ಪ್ರತಿ ಶನಿವಾರ ಮೀನು ಬೇಯಿಸಿ, ಅದರ ಲಿವರನ್ನು ಬೇರೆ ಪಾತ್ರೆಗೆ ಹಾಕಿಕೊಂಡು, ಗುಡ್ಡದ ಬುಡದಲ್ಲಿದ್ದ ಅಕ್ಕ ಬೋರ್ಗಿಲ್ಡಳ ಮನೆಗೆ ಹೋಗುತ್ತಿದ್ದ. ಅಕ್ಕ ಅವನಿಗಿಂತ ಎಂಟು ವರ್ಷ ದೊಡ್ಡವಳು, ವಿಧವೆ. ಇಬ್ಬರೂ ಒಂದೇ ಮೇಜಿನಲ್ಲಿ ಉಣ್ಣುತ್ತಿದ್ದರು, ಹೆಚ್ಚು ಮಾತಿರಲಿಲ್ಲ.

ಅವನಿಗಿದ್ದ ಒಂದೇ ಜಂಬವೆಂದರೆ ಅಜ್ಜ ಪೇದರನದು. 1920ರ ಡಿಸೆಂಬರಿನಲ್ಲಿ ಸರ್ಕಾರದ ಜನಗಣತಿಗೆ ನಮ್ಮ ಸ್ಕಾರ್‌ವಿಕ್ ಊರಿನಲ್ಲಿ ಮನೆಮನೆಗೆ ಹೋಗಿ ಬರೆದವನು ಪೇದರ್. ಸೂರ್ಯನೇ ಮೂಡದ ಆ ಕತ್ತಲ ತಿಂಗಳಲ್ಲಿ, ಹಿಮದ ಮೇಲೆ ಜಾರಲು ಕಾಲಿಗೆ ಮರದ ಪಟ್ಟಿ ಕಟ್ಟಿಕೊಂಡು, ಕೊರಳಿಗೆ ಲಾಂದ್ರ ನೇತುಹಾಕಿಕೊಂಡು ಹೋಗುತ್ತಿದ್ದನಂತೆ. "ಈ ಊರನ್ನ ಬರೆದಿಟ್ಟವನು ನಮ್ಮಜ್ಜ" ಎಂದು ಇಂಗೋಲ್ಫ್ ಬಾರ್ಜು ಹತ್ತಿದ ಪರಊರಿನವರಿಗೂ ಹೇಳುತ್ತಿದ್ದ. ಹೇಳಿಕೊಳ್ಳಲು ಬೇರೇನೂ ಉಳಿದಿರಲಿಲ್ಲ. 1944ರಲ್ಲಿ ಜರ್ಮನ್ ಸೈನ್ಯ ಹಿಮ್ಮೆಟ್ಟುವಾಗ ಊರಿಗೂರನ್ನೇ ಸುಟ್ಟಿತು. ಅಜ್ಜಿ ಎಲೆನಳ ಒಂದು ಪಟವೂ ಮಿಗಲಿಲ್ಲ.

ನಮ್ಮ ದೇಶದಲ್ಲಿ ಗಣತಿಯ ಪುಟಗಳಿಗೆ ನೂರು ವರ್ಷದ ಬೀಗ. ನೂರು ತುಂಬಿದ ದಿನ ಯಾರು ಬೇಕಾದರೂ ತಮ್ಮ ಮನೆಯ ಕಂಪ್ಯೂಟರಿನಲ್ಲೇ ನೋಡಬಹುದು. 2020ರ ಡಿಸೆಂಬರಿನಲ್ಲಿ ಬೀಗ ತೆರೆಯಿತು, ಊರಿನವರೆಲ್ಲ ತಮ್ಮ ತಮ್ಮ ಮನೆ ಹುಡುಕಿದರು. ನಾನು ಆಗ ಕಾಲೇಜಿನಲ್ಲಿ ಇತಿಹಾಸ ಕಲಿಸುವ ಕೆಲಸದಿಂದ ನಿವೃತ್ತಳಾಗಿ ಊರಿನ ಮನೆತನಗಳ ಪುಸ್ತಕದ ಸಂಪಾದಕಿಯಾಗಿದ್ದೆ. ಯಾವ ಮನೆಯಲ್ಲಿ ಯಾರಿದ್ದರು, ಎಲ್ಲಿಂದ ಬಂದರು, ಯಾರನ್ನು ಮದುವೆಯಾದರು ಎಂದು ಬರೆದಿಡುವ ಇಂಥ ಪುಸ್ತಕ ನಮ್ಮ ಕಡೆ ಊರೂರಿಗೂ ಇರುತ್ತದೆ.

ಉತ್ತರದ ಜಿಲ್ಲೆಗಳ ಗಣತಿಯಲ್ಲಿ ಪ್ರತಿ ಹೆಸರಿನ ಮುಂದೆ ಒಂದು ಅಕ್ಷರ ಹಾಕುತ್ತಿದ್ದರು. ನಾರ್ವೀಜಿಯನ್ ಆದರೆ 'ಎನ್'. ಇಲ್ಲಿನ ಮೂಲನಿವಾಸಿಗಳಾದ ನಮ್ಮ ಸಾಮಿ ಜನಕ್ಕೆ 'ಲಾಪ್' ಎಂಬ ಹೀಗಳಿಕೆಯ ಹೆಸರಿತ್ತು, ಅದರಿಂದ 'ಎಲ್'. ಆ ಅಕ್ಷರವನ್ನು ಪುಸ್ತಕದಲ್ಲಿ ಅಚ್ಚು ಹಾಕಬೇಕೇ ಬೇಡವೇ ಎಂದು ಸಮಿತಿಯಲ್ಲಿ ಚಳಿಗಾಲವಿಡೀ ಜಗಳವಾಯಿತು. ಲೋಕಕ್ಕೆಲ್ಲ ಕಾಣುತ್ತಿರುವುದನ್ನು ನಾವು ಮುಚ್ಚಿಡುವುದರಲ್ಲಿ ಅರ್ಥವಿಲ್ಲ ಎಂದು ನಾನು ಹೇಳಿದೆ. ಕೊನೆಗೆ ಅಚ್ಚು ಹಾಕುವುದೆಂದೇ ಆಯಿತು.

ಇಂಗೋಲ್ಫನ ಮನೆಯಲ್ಲಿ ಕಂಪ್ಯೂಟರಿರಲಿಲ್ಲ; ಅಂಗಡಿಯ ಕಾಫಿ ಮೂಲೆಯಲ್ಲಿ ಅವನಿಗೆ ವಿಷಯ ತಿಳಿಸಿದವನು ಅವನ ನೆರೆಯ ಎಡ್ಮುಂಡ್. ನಾನೂ ಅಲ್ಲಿದ್ದೆ.

"ಬಾ ಇಂಗೋಲ್ಫ್, ನಿಮ್ಮಜ್ಜನ ಬರಹ ನೋಡಿದ್ವಿ. ಮುತ್ತು ಪೋಣಿಸಿದ ಹಾಗಿದೆ."

"ಹೇಳ್ತಿರ್ಲಿಲ್ವಾ ನಾನು?"

"ಊರಲ್ಲಿ ಎಲ್ಲರ ಮುಂದೂ ಎಲ್. ನಮ್ಮಜ್ಜಂಗೆ ಎಲ್, ತೊಟ್ಟಿಲಲ್ಲಿದ್ದ ನಮ್ಮಪ್ಪಂಗೂ ಎಲ್. ಪಾಪ, ಬೆಕ್ಕೊಂದನ್ನ ಬಿಟ್ಟಿದಾನೆ."

"ಇದ್ದದ್ದನ್ನ ಬರ್ದಿದಾನೆ. ತಪ್ಪೇನು?"

"ನಿಮ್ಮನೆ ಪುಟ ನೋಡಿದ್ಯಾ? ಅಜ್ಜ ಎನ್, ಅಜ್ಜಿ ಎನ್, ಮಕ್ಕಳು ಮರಿ ಎಲ್ಲಾ ಎನ್! ನಮ್ಮನ್ನೆಲ್ಲ ಕೆಳಗೆ ಸಾಲಾಗಿ ನಿಲ್ಲಿಸಿ, ತಾನು ಮಾತ್ರ ಕ್ಯಾಪ್ಟನ್ ಕೋಣೆಗೆ ಹತ್ತಿಬಿಟ್ಟಿದಾನಲ್ಲೋ ಮಾರಾಯ!"

ಎಲ್ಲರೂ ನಕ್ಕರು. ಇಂಗೋಲ್ಫನೂ ನಕ್ಕ. ಆದರೆ ಕಾಫಿ ಮುಗಿಸದೆ ಎದ್ದುಹೋದ. ಎಡ್ಮುಂಡನ ನಗುವಿನಲ್ಲಿ ಬರೀ ತಮಾಷೆಯಿರಲಿಲ್ಲ. ಆ ಅಕ್ಷರ ಹೊತ್ತ ಮನೆಯ ಮಕ್ಕಳು ಶಾಲೆಯಲ್ಲಿ ಏನೇನು ಅನುಭವಿಸಿದರೆಂದು ನಮ್ಮ ಊರಿನಲ್ಲಿ ಯಾರಿಗೂ ಹೇಳಬೇಕಾಗಿಲ್ಲ.

ಮರುದಿನ ಇಂಗೋಲ್ಫ್ ನನ್ನ ಮನೆಗೆ ಬಂದ. ಬೂಟು ಬಿಚ್ಚುವುದನ್ನೂ ಮರೆತು ಒಳಗೆ ಬಂದು ನಿಂತ.

"ಪಂಡಿತಮ್ಮ, ಪುಸ್ತಕದಲ್ಲಿ ಒಂದು ತಿದ್ದುಪಡಿ ಆಗ್ಬೇಕು. ಅಜ್ಜಿ ಎಲೆನ್ ಮುಂದಿರೋ ಅಕ್ಷರ."

"ಮೂಲದಲ್ಲಿ ಏನಿದೆಯೋ ಅದೇ ಪುಸ್ತಕದಲ್ಲಿ."

"ಮೂಲದಲ್ಲಿರೋದು ಸುಳ್ಳು. ಅವಳು ಬೆಟ್ಟದ ಮೇಲೆ ಹಿಮಸಾರಂಗ ಕಾಯೋರ ಮನೇಲಿ ಹುಟ್ಟಿದವಳು ಅಂತ ನಿಂಗೂ ಗೊತ್ತು, ಎಡ್ಮುಂಡಂಗೂ ಗೊತ್ತು."

"ಸುಳ್ಳಿದ್ರೆ ಸುಳ್ಳನ್ನೇ ಅಚ್ಚು ಹಾಕ್ತೀವಿ. ಇವತ್ತು ನಿಂಗೆ ತಿದ್ದಿಕೊಟ್ರೆ ನಾಳೆ ಊರೆಲ್ಲ ಪೆನ್ಸಿಲ್ ಹಿಡ್ಕೊಂಡು ಬಾಗಿಲಿಗೆ ಬರುತ್ತೆ."

"ಅಜ್ಜ ತನ್ನ ಬಗ್ಗೆ ಏನಾದ್ರೂ ಬರ್ಕೊಳ್ಳಲಿ. ಅವಳನ್ನ ಒಂದು ಮಾತು ಕೇಳಿದ್ನಾ? ಪಟ ಇಲ್ಲ, ಬಟ್ಟೆ ಇಲ್ಲ, ಗೋರಿ ಮೇಲಿನ ಮರದ ಶಿಲುಬೆನೂ ಇಲ್ಲ. ಈ ಲೋಕದಲ್ಲಿ ಅವಳದು ಅಂತ ಉಳಿದಿರೋದು ಅದೊಂದು ಸಾಲು. ಅದೂ ಅವಳದಲ್ಲ."

ಸಮಿತಿಯಲ್ಲಿ ಒಂದು ನಿಯಮವಿತ್ತು. ಮೂಲವನ್ನು ತಿದ್ದುವಂತಿಲ್ಲ, ಅಡಿಟಿಪ್ಪಣಿ ಹಾಕಬಹುದು. ಆ ಮನೆಯಲ್ಲಿ ಯಾವ ಭಾಷೆ ಆಡುತ್ತಿದ್ದರೆಂದು ಕಿವಿಯಾರೆ ಕೇಳಿದವರೊಬ್ಬರು ರುಜು ಹಾಕಿ ಕೊಡಬೇಕು. ಅದನ್ನು ಅವನಿಗೆ ಹೇಳಿದೆ.

"ನಾನು ಹಾಕ್ತೀನಿ ರುಜು."

"ಅಜ್ಜಿ ಸತ್ತಾಗ ನಿಂಗೆ ಮೂರು ವರ್ಷ. ಆಗುವುದಿಲ್ಲ."

ಉಳಿದವಳು ಬೋರ್ಗಿಲ್ಡ್ ಒಬ್ಬಳೇ. ಅಜ್ಜಿ ತೀರಿಕೊಂಡಾಗ ಅವಳಿಗೆ ಹನ್ನೊಂದು. ಆದರೆ ರೇಡಿಯೋದಲ್ಲಿ ಸಾಮಿ ವಾರ್ತೆ ಬಂದರೆ ಎದ್ದುಹೋಗಿ ಆರಿಸುವವಳು ಅವಳು. ಆ ಶನಿವಾರ ಇಂಗೋಲ್ಫ್ ಮೀನಿನ ಪಾತ್ರೆಯ ಜೊತೆಗೆ ನನ್ನನ್ನೂ ಕರೆದುಕೊಂಡು ಹೋದ.

ಬೋರ್ಗಿಲ್ಡ್ ಬಾಗಿಲಲ್ಲೇ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಏನೋ ಇದು, ಪಂಡಿತರ ಸವಾರಿ? ಯಾರು ಸತ್ರು?"

"ಯಾರೂ ಸತ್ತಿಲ್ಲ ಅಕ್ಕ. ಊಟಕ್ಕೆ ಬಂದಿದಾಳೆ."

"ಊಟಕ್ಕೆ ಚೀಲದಲ್ಲಿ ಕಾಗದ ಇಟ್ಕೊಂಡು ಬರ್ತಾರಾ? ಕೂತ್ಕೊಳ್ಳಿ."

ಮೂವರೂ ಉಣ್ಣಲು ಕೂತೆವು. ಇಂಗೋಲ್ಫ್ ಆಲೂಗೆಡ್ಡೆಯ ಸಿಪ್ಪೆ ಸುಲಿಯುತ್ತ ಕೇಳಿದ.

"ಅಕ್ಕ, ಅಜ್ಜಿ ನಿನ್ ಹತ್ರ ಯಾವ ಭಾಷೆ ಮಾತಾಡ್ತಿದ್ಲು?"

"ಅಜ್ಜಿ ಮಾತಾಡ್ತಿದ್ದಿದ್ದೇ ಕಮ್ಮಿ."

"ಆ ಕಮ್ಮಿ ಮಾತಾಡಿದ್ದು ಯಾವ ಭಾಷೇಲಿ?"

"ಮೀನು ಆರುತ್ತೆ. ತಿನ್ನು."

ಅವನು ಬಿಡಲಿಲ್ಲ. ಅಂಗಡಿಯಲ್ಲಿ ನಡೆದದ್ದು, ಅಡಿಟಿಪ್ಪಣಿಯ ನಿಯಮ, ಎಲ್ಲ ಹೇಳಿದ. ಅವಳು ಮುಳ್ಳುಗಳನ್ನು ತಟ್ಟೆಯ ಅಂಚಿಗೆ ಒಂದೊಂದಾಗಿ ಜೋಡಿಸುತ್ತ ಕೇಳಿದಳು. ಆಮೇಲೆ ಮಾತಾಡಿದ್ದು ನನ್ನನ್ನು ನೋಡಿಕೊಂಡು.

"ಯುದ್ಧ ಮುಗಿದ ಮೇಲೆ ಹಾಸ್ಟೆಲ್ ಶಾಲೇಲಿ ನಾನು ಊಟ ಬಡಿಸೋ ಕೆಲಸಕ್ಕಿದ್ದೆ. ಗೊತ್ತಲ್ಲ?"

"ಗೊತ್ತು" ಎಂದೆ.

"ನಾರ್ವೀಜಿಯನ್ನಲ್ಲಿ ಕೇಳಿದವರಿಗೆ ಮಾತ್ರ ಬ್ರೆಡ್ಡು ಹಾಕು ಅಂತ ಮೇಲಿನವರ ಅಪ್ಪಣೆ. ಹೊಸದಾಗಿ ಬಂದ ಸಣ್ಣವಕ್ಕೆ ಎಲ್ಲಿ ಬರ್ಬೇಕು ನಾರ್ವೀಜಿಯನ್? ಎಡ್ಮುಂಡನ ತಂಗಿ ಇದ್ಲು, ಆನ್ನಾ. ಆರು ವರ್ಷದ್ದು. ಅವರ ಭಾಷೇಲಿ ಕೇಳೋದು, ನಾನು ಬುಟ್ಟಿ ಎತ್ಕೊಂಡು ಮುಂದಕ್ಕೆ ಹೋಗೋದು. ಚಳಿಗಾಲ ಕಳಿಯೋ ಹೊತ್ತಿಗೆ ಆ ಮಗು ಯಾವ ಭಾಷೇಲೂ ಏನೂ ಕೇಳ್ತಿರ್ಲಿಲ್ಲ."

ಇಂಗೋಲ್ಫ್ ಚಾಕು ಕೆಳಗಿಟ್ಟ.

"ಅವರಮ್ಮ ನಮ್ಮ ಬಾಗಿಲಿಗೇ ಬಂದು ಕೇಳಿದ್ಲು, ಯಾಕೆ ಹೀಗೆ ಮಾಡಿದೆ ಅಂತ. ನಮ್ಮದು ನಾರ್ವೀಜಿಯನ್ ಮನೆ, ನಂಗೆ ಆ ಭಾಷೆ ಬರೋದೇ ಇಲ್ಲ, ಮಗು ಏನು ಕೇಳ್ತೋ ನಂಗೇನು ಗೊತ್ತು ಅಂದೆ. ಪೇದರನ ಮೊಮ್ಮಗಳಲ್ವಾ, ಇರಬಹುದು ಅಂತ ನಂಬಿ ಹೋದ್ಲು. ಎಡ್ಮುಂಡನೂ ಇವತ್ತಿನವರೆಗೆ ಅದನ್ನೇ ನಂಬಿದಾನೆ."

"ನಿಂಗೆ ಬರ್ತಿತ್ತಾ ಅಕ್ಕ?"

"ಅಜ್ಜಿ ತೊಡೆ ಮೇಲೆ ಕಲ್ತಿದ್ದು ಬರ್ದೆ ಇರುತ್ತಾ, ದಡ್ಡ? ಒಂದೊಂದು ಮಾತೂ ಅರ್ಥ ಆಗ್ತಿತ್ತು."

ಅವಳು ಕೈ ಒರೆಸಿಕೊಂಡು ನನ್ನ ಮುಂದೆ ಅಂಗೈ ಚಾಚಿದಳು.

"ತೆಗಿ ನಿನ್ನ ಕಾಗದ. ಹಾಕ್ತೀನಿ ರುಜು. ಅಜ್ಜಿ ಮನೇಲಿ ಸಾಮಿ ಆಡ್ತಿದ್ಲು, ನಾನು ಕೇಳಿದೀನಿ ಅಂತ. ಎಡ್ಮುಂಡ್ ಓದ್ಲಿ. ಉಳಿದದ್ದು ಲೆಕ್ಕ ಹಾಕೋಕೆ ಅವನಿಗೇನು ಕಷ್ಟ? ಆದ್ರೆ ಇಂಗೋಲ್ಫ್, ನೀನು ಇನ್ನೊಂದು ಸಲ ಬಾಯ್ಬಿಟ್ಟು ಕೇಳ್ಬೇಕು. ಅಜ್ಜಿಗೋಸ್ಕರ ಹಾಕು ಅಕ್ಕ ಅಂತ ಕೇಳು."

ನಾನು ಕಾಗದವನ್ನೂ ಪೆನ್ನನ್ನೂ ಮೇಜಿನ ಮೇಲಿಟ್ಟೆ. ನನ್ನ ಕೆಲಸ ಅದು. ಇಂಗೋಲ್ಫ್ ಕಾಗದವನ್ನು ನೋಡಿದ, ಅಕ್ಕನ ಕೈಯನ್ನು ನೋಡಿದ. ಎದ್ದು ಮೂರೂ ತಟ್ಟೆಗಳ ಮುಳ್ಳನ್ನು ಬಕೆಟ್ಟಿಗೆ ಸುರಿದ.

"ಕಾಫಿ ಇಡ್ತೀನಿ" ಎಂದ.

ಹಿಂದಿರುಗುವಾಗ ದಾರಿಯಲ್ಲಿ ಅವನು ಕೇಳಿದ. "ನೀನೇ ಕಿವಿಯಾರೆ ಕೇಳಿದೀಯಲ್ಲ. ಬರೆದುಬಿಡ್ತೀಯಾ?"

"ರುಜು ಇಲ್ಲದೆ ಇಲ್ಲ."

"ಒಳ್ಳೇದಾಯ್ತು" ಎಂದ. ಸ್ವಲ್ಪ ದೂರ ನಡೆದ ಮೇಲೆ, "ಮೂವತ್ತನೇ ಇಸವಿ ಗಣತಿ ಯಾವಾಗ ತೆಗೀತಾರೆ?"

"2030ರಲ್ಲಿ."

"ಆ ಸಲ ಬರ್ದಿದ್ದು ಅಜ್ಜ ಅಲ್ಲ. ಪರಊರಿನ ಮೇಷ್ಟ್ರು ಯಾರೋ."

"ಬರೆದವನು ಬೇರೆಯಾದರೂ ಉತ್ತರ ಹೇಳೋ ಯಜಮಾನ ನಿಮ್ಮಜ್ಜನೇ. ಅಲ್ಲೂ ಎನ್ ಇದ್ರೆ?"

"ಅಜ್ಜ ಮೀನಿಗೆ ಹೋಗಿರಬಹುದು. ಅಜ್ಜಿ ಬಾಗಿಲು ತೆಗೆದಿರಬಹುದು."

ಆ ಗಣತಿ ತೆರೆಯುವವರೆಗೆ ನಾವಿಬ್ಬರೂ ಇರುವುದು ಅನುಮಾನ ಎಂದೆ. ಅವನಿಗೆ ಅದು ಗೊತ್ತಿತ್ತು.

ಪುಸ್ತಕ ಎರಡು ವರ್ಷದ ಮೇಲೆ ಬಂತು. ಪೇದರನ ಮನೆಯ ಪುಟದಲ್ಲಿ ಎಲ್ಲರ ಮುಂದೂ ಎನ್, ಅಡಿಟಿಪ್ಪಣಿ ಇಲ್ಲ. ಬಿಡುಗಡೆಯ ದಿನ ಊರಿನ ಸಭಾಭವನದಲ್ಲಿ ಕಾಫಿ, ಕೇಕು. ಎಡ್ಮುಂಡ್ ಎದ್ದು ನಿಂತು, ಈ ಊರಿನಲ್ಲಿ ಒಂದಾದರೂ ಮರ್ಯಾದಸ್ಥ ನಾರ್ವೀಜಿಯನ್ ಮನೆತನ ಉಳಿದಿರುವುದು ನಮ್ಮ ಪುಣ್ಯ, ಅವರಿಗೆ ಮೊದಲ ತುಂಡು ಕೊಡಿ ಎಂದ. ಜನ ಮೇಜು ಬಡಿದು ನಕ್ಕರು. ಇಂಗೋಲ್ಫ್ ತಟ್ಟೆ ಹಿಡಿದು ಹೋಗಿ ಮೊದಲ ತುಂಡು ತೆಗೆದುಕೊಂಡ. ಆ ಮನೆಯಲ್ಲೂ ಸಾಮಿ ಆಡುತ್ತಿದ್ದರೆಂಬ, ಎಡ್ಮುಂಡನ ಬಾಯಿ ಮುಚ್ಚಿಸುವ ಮಾತು ಇಂಗೋಲ್ಫನಲ್ಲಿತ್ತು, ನನ್ನಲ್ಲೂ ಇತ್ತು. ನಾನು ಅವನತ್ತ ನೋಡಿದೆ. ಅವನು ಕೇಕು ಚೆನ್ನಾಗಿದೆ ಎಂದು ಬಡಿಸುವವಳಿಗೆ ಹೇಳುತ್ತಿದ್ದ.

ಅಂದಿನಿಂದ ಕಾಫಿ ಮೂಲೆಗೆ ಹೋಗುವುದು ಕಡಿಮೆ ಮಾಡಿದ. ಅಜ್ಜನ ಸುದ್ದಿ ಎತ್ತಲಿಲ್ಲ. ಶನಿವಾರದ ಮೀನು ತಪ್ಪಲಿಲ್ಲ. ಮುಂದಿನ ಚಳಿಗಾಲದಲ್ಲಿ ಕಟ್ಟಿಗೆ ಒಟ್ಟುತ್ತಿದ್ದಾಗಲೇ ಅವನ ಹೃದಯ ನಿಂತಿತು. ವರ್ಷ ತುಂಬುವ ಮೊದಲು ಬೋರ್ಗಿಲ್ಡಳೂ, ಅವಳ ಹಿಂದೆಯೇ ಎಡ್ಮುಂಡನೂ ಹೋದರು. ಆನ್ನಾ ಅದಕ್ಕೂ ಎಷ್ಟೋ ಮೊದಲೇ ತೀರಿಕೊಂಡಿದ್ದಳು. ನೋಯುವವರು ಯಾರೂ ಉಳಿದಿಲ್ಲವಾದ್ದರಿಂದ ಇದನ್ನು ಬರೆದಿದ್ದೇನೆ. ಇದು ಅಡಿಟಿಪ್ಪಣಿಯಲ್ಲ, ಇದಕ್ಕೆ ಯಾರ ರುಜುವೂ ಇಲ್ಲ.

ಮೂವತ್ತರ ಗಣತಿಯ ಬೀಗ ಇನ್ನೂ ತೆರೆದಿಲ್ಲ. ತೆರೆದ ದಿನ ಎಲೆನಳ ಸಾಲನ್ನು ಮೊದಲು ನೋಡಬೇಕು, ಅಲ್ಲಿ ಯಾವ ಅಕ್ಷರವಿದ್ದರೂ ಇದ್ದ ಹಾಗೆಯೇ ಅಚ್ಚು ಹಾಕಬೇಕು ಎಂದು ಮುಂದಿನ ಸಮಿತಿಗೆ ಬರೆದಿಟ್ಟಿದ್ದೇನೆ.