ಸೆಲೋಟೇಪಿನ ಭಯ

ವೀಡಿಯೊ ಕ್ಯಾಸೆಟ್ ಕೈಗೆ ಸಿಕ್ಕರೆ ನಾನು ಮೊದಲು ನೋಡುವುದು ಹೆಸರನ್ನಲ್ಲ, ಅದರ ಬೆನ್ನಿನ ಮೂಲೆಯನ್ನು. ಅಲ್ಲೊಂದು ಪುಟ್ಟ ಕಿಂಡಿ ಇರುತ್ತದೆ. ಕಿಂಡಿ ತೆರೆದಿದ್ದರೆ ಆ ಕ್ಯಾಸೆಟ್ಟಿನ ಮೇಲೆ ಬೇರೇನನ್ನೂ ತುಂಬಲು ಬರುವುದಿಲ್ಲ. ಅಂಗಡಿಯಲ್ಲಿ ಮಾರುವ ಚಿತ್ರಗಳೆಲ್ಲ ಹಾಗೇ ಬರುತ್ತವೆ. ಆದರೆ ಕ್ಯಾಸೆಟ್ ತಯಾರಿಸಿದವರಿಗಿಂತ ನಮ್ಮ ಜನ ಜಾಣರು. ಕಿಂಡಿಗೆ ಒಂದು ತುಂಡು ಸೆಲೋಟೇಪ್ ಅಂಟಿಸಿದರೆ ಮುಗಿಯಿತು, ಗಾಯನದ ಮೇಲೆ ಮದುವೆಯೂಟದ ಪಂಕ್ತಿ ಕೂತುಬಿಡುತ್ತದೆ.

ಬೆಳಗಾವಿಯ ನಮ್ಮ ಮನೆಯಲ್ಲಿ ಸಂಗೀತದ ಚಿತ್ರಗಳ ಮೂವತ್ತೆಂಟು ಕ್ಯಾಸೆಟ್ಟುಗಳಿವೆ, ಎಲ್ಲವೂ ಮನೆಯಲ್ಲಿ ನೋಡಲೆಂದು ಮೊದಲ ಸಲ ಬಿಡುಗಡೆಯಾದಾಗಿನ ಪ್ರತಿಗಳು. ಈಗ ಎಲ್ಲರೂ ಸಿಡಿಯ ಹಿಂದೆ ಬಿದ್ದಿದ್ದಾರೆ, ಕ್ಯಾಸೆಟ್ ಲೈಬ್ರರಿಗಳು ಬಾಗಿಲು ಹಾಕುತ್ತಿವೆ, ನನಗೆ ಸುಗ್ಗಿ. ಸುಗ್ಗಿಯ ಜೊತೆ ದಿಗಿಲೂ ಬಂದಿದೆ. ಮಳೆಗಾಲದಲ್ಲಿ ಬೂಷ್ಟಿನ ಭಯ, ಬೇಸಿಗೆಯಲ್ಲಿ ಬಿಸಿಲಿನ ಭಯ, ಸ್ಪೀಕರಿನೊಳಗಿನ ಅಯಸ್ಕಾಂತದ ಭಯ. ಎಲ್ಲಕ್ಕಿಂತ ಹೆಚ್ಚಾಗಿ, ಹಾಕಿದಾಗ ಯಂತ್ರ ಟೇಪನ್ನು ನುಂಗಿಬಿಟ್ಟರೆ? ಅದಕ್ಕೇ ಹೆಚ್ಚಿನವನ್ನು ನಾನು ಒಮ್ಮೆಯೂ ಹಾಕಿ ನೋಡಿಲ್ಲ.

“ಹಾವ ಸಾಕಿದವರೂ ಇಷ್ಟ ಅಂಜಂಗಿಲ್ಲ ನೋಡ್ರಿ,” ಎನ್ನುತ್ತಾಳೆ ನನ್ನ ಹೆಂಡತಿ. ಭಯಾನಕ ರಸ ಹುಟ್ಟಲು ಪಾಳುಮನೆ, ಕಾಡು, ನರಿಯ ಕೂಗು ಇವೆಲ್ಲ ಕಾರಣವೆಂದು ನಮ್ಮ ಲಾಕ್ಷಣಿಕರು ಹೇಳಿದ್ದಾರೆ. ಪಾಪ, ಅವರು ಸೆಲೋಟೇಪ್ ಕಂಡಿರಲಿಲ್ಲ.

ಏಳು ವರ್ಷದಿಂದ ಹುಡುಕುತ್ತಿದ್ದ ಕ್ಯಾಸೆಟ್ಟೊಂದು, ಮುದಿ ಗವಾಯಿಯೊಬ್ಬರ ಕುರಿತ ಚಿತ್ರ, ಖಾನಾಪುರದ ನಿವೃತ್ತ ಸಂಗೀತ ಶಿಕ್ಷಕಿ ಶಾಂತಕ್ಕನವರ ಬಳಿ ಇದೆಯೆಂದು ತಿಳಿದಾಗ ಭಾನುವಾರ ಬೆಳಿಗ್ಗೆಯೇ ಬಸ್ಸು ಹತ್ತಿದೆ. ಅವರು ಟ್ರಂಕು ತೆರೆದು, ಕುಪ್ಪಸದ ಖಣದಲ್ಲಿ ಸುತ್ತಿಟ್ಟಿದ್ದ ಕ್ಯಾಸೆಟ್ ಕೈಗಿತ್ತರು. ತಿರುಗಿಸಿ ನೋಡಿದೆ. ಕಿಂಡಿಯ ಮೇಲೆ ಹಳದಿಗಟ್ಟಿದ ಸೆಲೋಟೇಪ್!

“ಅಕ್ಕಾರ, ಇದರ ಮ್ಯಾಲೆ ಏನರ ತುಂಬೀರೇನ್ರಿ?”

“ತುಂಬೀವ್ರಿ. ಮೊಮ್ಮಗನ್ನ ತೊಟ್ಟಲಾಗ ಹಾಕಿದ ದಿನ ಖಾಲಿ ಕ್ಯಾಸೆಟ್ ಸಿಗಲಿಲ್ಲ, ಕೈಗೆ ಸಿಕ್ಕಿದ್ದ ಹಾಕಿದ್ವಿ. ಎಲ್ಲಿಂದ ತುಂಬಿದ್ವೋ ನೆನಪಿಲ್ಲ. ನಮ್ಮವ್ವ ಅದರಾಗ ಜೋಗುಳ ಹಾಡ್ಯಾಳ. ಆಕಿ ಹೋದ ಮ್ಯಾಲೆ ಒಮ್ಮೀನೂ ಹಾಕಿಲ್ರಿ. ಮಷೀನ ಎಲ್ಲಿ ಹರೀತೈತೋ ಅಂತ ಅಂಜಿಕಿ. ನೀವು ತಿಳದವರು, ನೀವ ಹಾಕ್ರಿ.”

ಆ ಕೋಣೆಯಲ್ಲಿ ಈಗ ಅಂಜುಬುರುಕರು ಇಬ್ಬರಾದೆವು. ಅವರ ಹಳೆಯ ವಿಸಿಆರ್ ಒಳಗನ್ನು ಹತ್ತಿಯಿಂದ ಒರೆಸಿ ಕ್ಯಾಸೆಟ್ ತೂರಿಸಿದೆ. ಗರ್ ಎಂದಿತು. ಗವಾಯಿಗಳು ಕಣ್ಣು ಮುಚ್ಚಿ ಆಲಾಪ ಶುರುಮಾಡಿದರು. ಜೋಗುಳ ಕೊನೆಯಲ್ಲೆಲ್ಲೋ ಇರಲಿ ಎಂದು ನಾನು ಬೇಡಿಕೊಳ್ಳುತ್ತಿದ್ದೆ. ಇದ್ದರೆ ಸಾಕು ಎಂದು ಅವರು. ತಬಲಾ ಸೇರಿಕೊಂಡು, ಗವಾಯಿಗಳು ಕೈಯೆತ್ತಿ ಇನ್ನೇನು ತಾಳದ ಮೊದಲ ಪೆಟ್ಟಾದ ಸಮಕ್ಕೆ ಬರಬೇಕು, ಪರದೆಯ ಮೇಲೆ ಬಿಳಿ ಗೆರೆಗಳು ಓಡಿ ತೊಟ್ಟಿಲು ಕಾಣಿಸಿತು. ಗವಾಯಿಗಳು ಮತ್ತೆ ಬರಲಿಲ್ಲ. ನನಗೆ ಅಳುವೇ ಬಂತು.

ಪರದೆಯಲ್ಲಿ ಮುದುಕಿಯೊಬ್ಬಳು ಹಾಡುತ್ತಿದ್ದಳು. ದನಿ ಒಡೆದಿತ್ತು, ಶ್ರುತಿ ಎಲ್ಲೋ ಇತ್ತು. ನಡುವೆ ಹಾಡು ನಿಲ್ಲಿಸಿ, “ಬಾಜೂ ಸರಿಯವ್ವಾ, ಕೂಸ ಕಾಣವಲ್ದು,” ಎಂದು ಯಾರನ್ನೋ ಗದರಿ ಮುಂದುವರಿಸಿದಳು. ಶಾಂತಕ್ಕ ಸೆರಗು ಕಚ್ಚಿಕೊಂಡು ಕುಳಿತಿದ್ದರು. ನಾನು ಟೇಪು ತಿರುಗುವ ಸದ್ದಿಗೇ ಕಿವಿಗೊಟ್ಟಿದ್ದೆ. ಈಗ ಹರಿದರೆ ಹೋಗುವುದು ಚಿತ್ರವಲ್ಲ, ಈ ಮುದುಕಿ.

ಹಾಡು ಮುಗಿಯಿತು. ಟೇಪು ಹರಿಯಲಿಲ್ಲ.

“ಇನ್ನೊಮ್ಮಿ ಹಾಕ್ರಿ,” ಎಂದರು ಶಾಂತಕ್ಕ.

“ಅಕ್ಕಾರ, ಮ್ಯಾಲಿಂದ ಮ್ಯಾಲೆ ಹಾಕಿದ್ರ ಸವೀತೈತ್ರಿ.”

“ಸವೀಲಿ ಬಿಡ್ರಿ. ನಮ್ಮವ್ವನ ದನೀನೂ ಹಾಡಿ ಹಾಡೇ ಸವದಿತ್ತು.”

ಟೇಪನ್ನು ತೊಟ್ಟಿಲು ಕಾಣಿಸಿದಲ್ಲಿಗೆ ಹಿಂದಕ್ಕೆ ಸುತ್ತಿದೆ. ಅಂಜುತ್ತಲೇ ಗುಂಡಿ ಒತ್ತಿದೆ.