ಕಲ್ಲಿನ ಮಡಿಯ ಒಂದೇ ಹಣ್ಣು

ಗುಲಾಬಬಿಯ ಮೊಣಕಾಲು ಮಡಚಲು ಬಾರದಂತಾದ ಮೇಲೆ ಗಂಡ ಇಮಾಮಸಾಬ ಹಿತ್ತಲಿಗೆ ಕಲ್ಲು ಹೊತ್ತು ತಂದ. ಇಳಕಲ್ಲಿನ ಕಲ್ಲಿನ ಕಾರ್ಖಾನೆಯಲ್ಲಿ ಅವನದು ಪಾಲಿಶ್ ಕೆಲಸ. ಅಂಚು ಒಡೆದ ಕೆಂಪು ಗ್ರಾನೈಟ್ ತುಂಡುಗಳನ್ನು ಮಾಲೀಕರು ಹಾಗೇ ಕೊಡುತ್ತಿದ್ದರು. ಅವನ್ನೇ ಸೊಂಟದೆತ್ತರ ಕಟ್ಟಿ, ಮಣ್ಣು ಗೊಬ್ಬರ ತುಂಬಿ, ಹೆಂಡತಿ ನಿಂತುಕೊಂಡೇ ಕೈಯಾಡಿಸುವಂಥ ಮಡಿ ಮಾಡಿದ.

"ಬಗ್ಗೂದ ಬ್ಯಾಡ, ಕೂಡೂದ ಬ್ಯಾಡ. ರಾಣಿ ಹಾಂಗ ನಿಂತ ಬೆಳಿ" ಅಂದ.

ಅವಳು ಬೆಳೆಯುವುದು ಕಮತಗಿಯ ತವರಿನ ಜವಾರಿ ಟೊಮ್ಯಾಟೊ. ಕುಂಬಳದಂತೆ ಮೈಮೇಲೆ ಗೆರೆಗೆರೆ, ತೆಳು ಸಿಪ್ಪೆ, ನಾಲಿಗೆ ಚುರುಗುಟ್ಟುವ ಹುಳಿ. ಪೇಟೆಯ ದಾರಿಯಲ್ಲೇ ಒಡೆಯುವ ಹಣ್ಣು ಯಾರಿಗೆ ಬೇಕು? ತವರಿನವರೂ ಈಗ ನರ್ಸರಿ ಸಸಿ ತರುತ್ತಾರೆ. ತಾಯಿ ಕೊಟ್ಟ ಆ ಬೀಜ ಉಳಿದದ್ದು ಗುಲಾಬಬಿಯ ಗಂಟಿನಲ್ಲಿ ಮಾತ್ರ. ಹಳೆಯ ಬೀಜ, ಇನ್ನೊಂದು ಬೇಸಿಗೆ ತಾಳಲಿಕ್ಕಿಲ್ಲ ಎಂದು ಎಲ್ಲವನ್ನೂ ಹೊಸ ಮಡಿಗೆ ಹಾಕಿದಳು.

ಮಡಿ ಮುಗಿಯುವಷ್ಟರಲ್ಲಿ ಚಳಿ ಹೋಗಿತ್ತು. ಗಿಡ ಎದ್ದವು, ಹೂ ಬಿಟ್ಟವು, ಕಾಯಿ ಕಟ್ಟದೆಯೇ ಹೂ ಉದುರಿದವು. ಒಂದು ಸಂಜೆ, ಹೊತ್ತು ಮುಳುಗಿದ ಮೇಲೆ ಕಲ್ಲಿಗೆ ಅಂಗೈ ಇಟ್ಟಳು. ರೊಟ್ಟಿ ಬೇಯಿಸಿ ಇಳಿಸಿದ ಹಂಚಿನ ಹಾಗೆ! ಹಗಲೆಲ್ಲ ಬಿಸಿಲು ಕುಡಿದ ಕಲ್ಲು ಕತ್ತಲಾದರೂ ಬೇರನ್ನು ಬೇಯಿಸುತ್ತಿತ್ತು. ತೋಯಿಸಿದ ಗೋಣಿಚೀಲ ಹೊದಿಸಿದಳು, ಹಳೆ ಸೀರೆಯ ಚಪ್ಪರ ಕಟ್ಟಿದಳು. ಹೂ ಉದುರುತ್ತಲೇ ಇದ್ದವು. ಗಂಡನಿಗೆ ಹೇಳೋಣವೆಂದು ಹೋದಾಗಲೆಲ್ಲ ಅವನು ಮಡಿಯ ಅಂಚನ್ನು ಟವೆಲಿನಿಂದ ಒರೆಸುತ್ತಿರುತ್ತಿದ್ದ. ಅವನ ಮುಖ ಹೇಗಾದೀತೆಂದು ನೆನೆದು ಮಾತು ನುಂಗಿಕೊಂಡಳು.

ಮೂಲೆಯ ಗಿಡದಲ್ಲಿ ಒಂದೇ ಒಂದು ಕಾಯಿ ನಿಂತಿತು. ಒಂದು ಹಣ್ಣು ಸಿಕ್ಕರೆ ಸಾಕು, ಬೀಜ ಉಳಿಯುತ್ತದೆ. ಕೆಂಪಾಗಲಿ, ಪೂರಾ ಮೆತ್ತಗಾಗಲಿ ಎಂದು ಕಾದಳು. ಅದನ್ನು ಮುಟ್ಟಬೇಡಿ ಎಂದು ಗಂಡನಿಗೆ ಹೇಳಲೂ ಇಲ್ಲ. ಯಾಕೆ ಎಂದರೆ ಉಳಿದದ್ದನ್ನೂ ಹೇಳಬೇಕಲ್ಲ.

ಶುಕ್ರವಾರ ಇಮಾಮಸಾಬನ ಕಾರ್ಖಾನೆಯ ಜೊತೆಗಾರ ಶ್ರೀಶೈಲ ಮಡಿ ನೋಡಲು ಬಂದ. ಗುಲಾಬಬಿ ಒಳಗೆ ಚಹಾ ಸೋಸುತ್ತಿದ್ದಳು.

"ಲೇ ಇಮಾಮ, ಇಷ್ಟ ದೊಡ್ಡ ಕಟ್ಟಿ ಕಟ್ಟೀದಿ, ಬರೇ ಎಲಿ ಅದಾವಲ್ಲೋ. ಆಡು ಸಾಕಾಂವ ಏನ?"

"ಬಾಯಿ ಮುಚ್ಚಲೇ. ಇದನ್ನ ತಿನ್ನು, ಆಮ್ಯಾಲ ಮಾತಾಡು."

ಅವಳು ಚಹಾ ಹಿಡಿದು ಬರುವಷ್ಟರಲ್ಲಿ ಹಣ್ಣು ಹೋಳಾಗಿ, ಉಪ್ಪು ಹಚ್ಚಿಕೊಂಡು ಶ್ರೀಶೈಲನ ತಾಟಿನಲ್ಲಿತ್ತು. ಬಂದವರ ತಾಟಿಗೆ ಬಿದ್ದದ್ದನ್ನು ತಿರುಗಿ ಕೇಳುವುದುಂಟೆ? ಅವನು ಕಣ್ಣು ಮುಚ್ಚಿ ರಸ ಹೀರಿದ.

"ಭಾಬಿ, ನಮ್ಮಜ್ಜಿ ಮಾಡೋ ಸಾರು ನೆನಪಾತ್ರಿ. ಮುಂದಿನ ಸಲ ನಮಗೂ ನಾಕ ಬೀಜ ಇಡ್ರಿ."

"ಹೂನ್ರಿ ಅಣ್ಣಾ" ಎಂದಳು.

ಅವನನ್ನು ಬಾಗಿಲ ತನಕ ಕಳಿಸಿ, ಕಾಲೆಳೆಯುತ್ತ ಹಿತ್ತಲಿಗೆ ಬಂದಳು. ತಾಟಿಗೋ ಚಾಕುವಿಗೋ ಒಂದೆರಡು ಬೀಜ ಅಂಟಿರಬಹುದು. ಇಮಾಮಸಾಬ ನಲ್ಲಿಯ ಮುಂದೆ ಕುಕ್ಕರಗಾಲಲ್ಲಿ ಕೂತು ಎರಡನ್ನೂ ತಿಕ್ಕಿ ತೊಳೆದು ಬೋರಲು ಹಾಕಿದ್ದ. ನೀರು ಗಟಾರಕ್ಕೆ ಹರಿದುಹೋಗಿತ್ತು.

"ಯಾಕ ಎದ್ದು ಬಂದಿ? ಎಲ್ಲಾ ನಾ ತೊಳದೇನಿ. ನಿನ್ನ ಕಾಲಿಗೆ ತ್ರಾಸ ಆಗಬಾರದು" ಅಂದ.