ಮೆಣಸಿನಕಾಯಿಯ ಹಿಂದಿನ ಪಾಳಿ

ದಾಸನಕೊಪ್ಪದಲ್ಲಿ ಈವರೆಗೆ ಎರಡು ಮಹಾಯುದ್ಧಗಳು ನಡೆದಿವೆ. ಮೊದಲನೆಯದು ಬಸ್ಸು ಯಾವ ಮರದ ಕೆಳಗೆ ನಿಲ್ಲಬೇಕು ಎಂಬುದಕ್ಕೆ. ಅದು ಇನ್ನೂ ಮುಗಿದಿಲ್ಲ. ಎರಡನೆಯದು ಕೆರಿಯನ ಹಿಟ್ಟಿನ ಗಿರಣಿಯಲ್ಲಿ. ಅದರಲ್ಲಿ ಒಬ್ಬಳೇ ಹೆಂಗಸು, ಐದು ಕಿಲೋ ಗೋಧಿಯ ಒಂದು ಡಬ್ಬಿಯನ್ನು ಆಯುಧ ಮಾಡಿಕೊಂಡು, ಇಡೀ ಊರನ್ನು ಗೆದ್ದಳು.

ಅವಳು ಗಿರಿಜವ್ವ. ವಯಸ್ಸು ನಲವತ್ತಾರು. ಆಸ್ತಿ ಎಂದರೆ ಒಂದೂವರೆ ಎಕರೆ ಗೋವಿನಜೋಳದ ಹೊಲ, ಎರಡು ಎಮ್ಮೆ, ಮತ್ತು ಎರಡೂ ಎಮ್ಮೆಗಳನ್ನು ಒಟ್ಟಿಗೆ ಹೆದರಿಸಬಲ್ಲ ಒಂದು ದನಿ. ಗಂಡ ಹುಬ್ಬಳ್ಳಿಯಿಂದ ಯಲ್ಲಾಪುರದ ಮೇಲೆ ಅಂಕೋಲೆಗೆ ಲಾರಿ ಓಡಿಸುತ್ತಿದ್ದ. ಹನ್ನೆರಡು ವರ್ಷದ ಹಿಂದೆ ಜ್ವರ, ಕೆಮ್ಮು ಎಂದು ಮಲಗಿದವನು ಮತ್ತೆ ಏಳಲಿಲ್ಲ. ಅವನಿಗೆ ಎಚ್‌ಐವಿ ಇದೆ ಎಂದು ಗೊತ್ತಾದ ವಾರವೇ ಅವಳ ರಕ್ತವನ್ನೂ ಪರೀಕ್ಷೆ ಮಾಡಿದರು. ಅವಳಿಗೂ ಇತ್ತು. ಯಾರಿಂದ ಬಂತು, ಹೇಗೆ ಬಂತು ಎಂದು ಕೇಳಲು ಬಂದ ಹಿತೈಷಿಗಳಿಗೆಲ್ಲ ಅವಳದು ಒಂದೇ ಉತ್ತರ: "ಹೋದವನ್ನ ಕೇಳ್ರಿ. ವಿಳಾಸ ಬೇಕಂದ್ರ ಕೊಡ್ತೀನಿ."

ಶಿರಸಿಯ ಸರ್ಕಾರಿ ಆಸ್ಪತ್ರೆಯಲ್ಲಿ ಆಪ್ತಸಮಾಲೋಚಕಿ ರೋಹಿಣಿ ಎಂಬವಳು ಮೊದಲ ದಿನವೇ ಕೇಳಿದ್ದಳು:

"ಗಿರಿಜಕ್ಕ, ನಿಮ್ಮ ಹೊಲಕ್ಕೆ ಕಾಡುಹಂದಿ ಬರ್ತದಾ?"

"ದಿನಾ ಬರ್ತಾವ್ರಿ."

"ಕಾವಲಿಗೆ ಕೂತ್ರೆ?"

"ಕಾಡಿನ್ಯಾಗ ಕುಂತು ಹಲ್ಲು ಮಸೀತಾವು. ಒಳಗ ಬರಂಗಿಲ್ಲ."

"ಈ ಗುಳಿಗೆಯೂ ಕಾವಲೇ ಅಂತ ತಿಳ್ಕೊಳ್ಳಿ. ಹಂದಿ ಸಾಯೂದಿಲ್ಲ, ಆದ್ರೆ ಬೆಳೆಗೆ ಬಾಯಿ ಹಾಕೂದಿಲ್ಲ. ನೀವು ಕಾವಲು ಬಿಟ್ರಿ ಅಂದ್ರೆ ಅದು ಬಂತು."

ರೈತರ ಮನೆಯವಳಿಗೆ ಇದಕ್ಕಿಂತ ಹೆಚ್ಚಿನ ವಿಜ್ಞಾನ ಬೇಕಿರಲಿಲ್ಲ. ಅಂದಿನಿಂದ ಸಂಜೆ ಏಳರ ಬನವಾಸಿ ಬಸ್ಸು ಹಾರ್ನ್ ಹಾಕಿದರೆ ಗಿರಿಜವ್ವನ ಬಾಯಿಗೆ ಗುಳಿಗೆ ಬಿತ್ತೆಂದೇ ಲೆಕ್ಕ. ಬಸ್ಸು ಕೆಟ್ಟು ಬಾರದ ದಿನಗಳಿದ್ದವು. ಗುಳಿಗೆ ತಪ್ಪಿದ ದಿನವಿಲ್ಲ. ಮೊದಮೊದಲು ಗುಳಿಗೆ ತಲೆ ತಿರುಗಿಸಿತು, ಚಿತ್ರವಿಚಿತ್ರ ಕನಸು ಬೀಳಿಸಿತು. ಆಮೇಲೆ ಬೇರೆ ಗುಳಿಗೆ ಬಂತು, ಕನಸು ಹೋಯಿತು. ರಕ್ತದಲ್ಲಿ ವೈರಸ್ ಎಷ್ಟಿದೆ ಎಂದು ನೋಡುವ ಪರೀಕ್ಷೆಯೂ ಬಂತು. ಪ್ರತಿ ಸಲವೂ ಆ ಯಂತ್ರಕ್ಕೆ ಅವಳ ರಕ್ತದಲ್ಲಿ ಎಣಿಸಲು ಏನೂ ಸಿಗಲಿಲ್ಲ. ಗೋವಿನಜೋಳದ ಚೀಲ ಹೊತ್ತು ಅವಳು ನಡೆದರೆ ಹಿಂದೆ ಬರಿಗೈಯಲ್ಲಿ ಬರುವ ಗಂಡಸರು ಏದುಸಿರು ಬಿಡುತ್ತಿದ್ದರು.

ಹೀಗೆ ರೋಗವನ್ನು ಒಂದು ಗುಳಿಗೆಗೆ ಮಣಿಸಿದವಳು ಸೋತದ್ದು ಗಿರಣಿಯ ಪಾಳಿಗೆ.

ಶಿರಸಿ ಆಸ್ಪತ್ರೆಯಲ್ಲಿ ರೋಹಿಣಿಯ ಕೋಣೆಯ ಮುಂದಿನ ಬೆಂಚಿನ ಮೇಲೆ ಅವಳು ಕೂತದ್ದನ್ನು ಊರಿನ ಯಾರೋ ಕಂಡಿದ್ದರು. ಅವಳು ಬಸ್ಸಿಳಿಯುವ ಹೊತ್ತಿಗೆ ಸುದ್ದಿ ಅವಳಿಗಿಂತ ಮೊದಲು ಊರು ಸೇರಿ, ಕೈಕಾಲು ತೊಳೆದು, ಎರಡನೆಯ ಚಹಾ ಕುಡಿಯುತ್ತಿತ್ತು.

ಕೆರಿಯನ ಗಿರಣಿಯಲ್ಲಿ ಇರುವುದು ಒಂದೇ ಕಲ್ಲು. ನಡೆಯುವುದು ಬುಧವಾರ ಮತ್ತು ಶನಿವಾರ. ಒಬ್ಬರ ಹಿಟ್ಟು ಕಲ್ಲಿನ ಸಂದಿಯಲ್ಲಿ ಒಂದಿಷ್ಟು ಉಳಿಯುತ್ತದೆ, ಅದು ಮುಂದಿನವರ ಡಬ್ಬಿಗೆ ಇಳಿಯುತ್ತದೆ. ಹಾಗಾಗಿ ಅಕ್ಕಿಯ ಹಿಂದೆ ಗೋಧಿ, ಗೋಧಿಯ ಹಿಂದೆ ಜೋಳ, ಜೋಳದ ಹಿಂದೆ ರಾಗಿ. ಮೆಣಸಿನಕಾಯಿ ಶನಿವಾರ ಮಾತ್ರ, ಎಲ್ಲಕ್ಕಿಂತ ಕೊನೆಗೆ. ಅದಾದ ಮೇಲೆ ಕೆರಿಯ ತನ್ನ ಮನೆಯ ಎರಡು ಸೇರು ನುಚ್ಚು ಸುರಿದು ಕಲ್ಲಿನ ಖಾರ ತೆಗೆಯುತ್ತಿದ್ದ.

ಊರು ಸೇರಿ ಹೊಸ ಕಾನೂನು ಮಾಡಿತು: ಗಿರಿಜವ್ವನ ಕಾಳು ಇನ್ನು ಮುಂದೆ ಶನಿವಾರ, ಮೆಣಸಿನಕಾಯಿಯ ಹಿಂದೆ. ಅವಳ ಹಿಂದೆ ಯಾರೂ ಇಲ್ಲ. ಹಾಗಾಗಿ ಊರಿಗೆ ಭಯವಿಲ್ಲ.

"ನಂಗೆಂತ ಇಲ್ಲ ಗಿರಿಜಕ್ಕ," ಎಂದು ಕೆರಿಯ ಟವೆಲ್ಲಿನಿಂದ ಹಿಟ್ಟು ಮೆತ್ತಿದ ಮುಖ ಒರೆಸಿಕೊಂಡ. "ಜನ ಬರುದಿಲ್ಲ ಅಂತಾರೆ. ನಾ ಎಂತ ಮಾಡ್ಲಿ ಹೇಳು?"

"ನೀ ಏನೂ ಮಾಡಬ್ಯಾಡಪ. ನಾ ಮಾಡ್ತೀನಿ."

ಮಾಡಲು ಹನ್ನೆರಡು ವರ್ಷ ಹಿಡಿಯಿತು. ಅಲ್ಲಿಯವರೆಗೆ ಅವಳ ಜೋಳವೇ ಕೆರಿಯನ ನುಚ್ಚಿನ ಕೆಲಸವನ್ನು ಪುಕ್ಕಟೆ ಮಾಡಿತು. ಹಿಟ್ಟು ನಸುಗೆಂಪಾಗಿ ಇಳಿಯುತ್ತಿತ್ತು. ರೊಟ್ಟಿ ಬಡಿದರೆ ಕೈ ಉರಿ, ತಿಂದರೆ ಕಣ್ಣಲ್ಲಿ ನೀರು. ರೊಟ್ಟಿಯನ್ನಾದರೂ ಹೇಗೋ ತಿನ್ನಬಹುದು. ಆದರೆ ಖಾರ ಬೆರೆತ ಗೋಧಿ ಹಿಟ್ಟಿನಲ್ಲಿ ಹೋಳಿಗೆ ಮಾಡುವುದು ಹೇಗೆ? ಗಿರಿಜವ್ವನಿಗೆ ಹೋಳಿಗೆಯೆಂದರೆ ಪ್ರಾಣ. ಬನವಾಸಿಯಲ್ಲಿ ಬೀಸಿಸಿಕೊಂಡು ಬರಬಹುದಿತ್ತು, ಅಂಗಡಿಯ ಪ್ಯಾಕೆಟ್ ಹಿಟ್ಟು ತರಬಹುದಿತ್ತು. ಅವಳು ಎರಡಕ್ಕೂ ಒಪ್ಪಲಿಲ್ಲ. "ನನ್ನೂರಿನ ಕಲ್ಲು, ನನ್ನ ಗೋಧಿ, ನನ್ನ ಪಾಳಿ. ಅಲ್ಲಿಮಟ ಹೋಳಿಗಿ ಮುಟ್ಟಂಗಿಲ್ಲ," ಎಂದು ಶಪಥ ಮಾಡಿದಳು. ಹನ್ನೆರಡು ಯುಗಾದಿಗಳು ಅವಳ ಮನೆಯ ಮುಂದೆ ಹಾದುಹೋದವು, ಹೂರಣದ ವಾಸನೆಯಿಲ್ಲದೆ.

ಈ ವರ್ಷ ಯುಗಾದಿಗೆ ಒಂಬತ್ತು ದಿನ ಇರುವಾಗ, ಒಂದು ಮಂಗಳವಾರ, ಕೆರಿಯ ಗಿರಣಿಯ ಕಲ್ಲಿಗೆ ಉಳಿಪೆಟ್ಟು ಹಾಕಲು ಅದನ್ನು ಬಿಚ್ಚಿ ಇಟ್ಟಿದ್ದ. ಎಮ್ಮೆಗೆ ಹುಲ್ಲು ಹೊತ್ತು ಅದೇ ದಾರಿಯಲ್ಲಿ ಬಂದ ಗಿರಿಜವ್ವ ಇಣುಕಿ ನೋಡಿದಳು. ಕಲ್ಲಿನ ಸಂದಿಯಿಂದ ಕೆರಿಯ ನಸುಗೆಂಪು ಹಿಟ್ಟನ್ನು ಕೆರೆದು ಕೆರೆದು ಕೋಳಿಗಳಿಗೆ ಹಾಕುತ್ತಿದ್ದ.

"ಅದು ಯಾರ ಹಿಟ್ಟೋ ಕೆರಿಯಾ?"

"ನಿಂದೇ. ಶನಿವಾರದ್ದು. ಕಲ್ಲಲ್ಲಿ ಉಳಿದದ್ದು."

ಗಿರಿಜವ್ವ ಹುಲ್ಲಿನ ಹೊರೆಯನ್ನು ಕೆಳಗಿಟ್ಟಳು. ಸ್ವಲ್ಪ ಹೊತ್ತು ಆ ಹಿಟ್ಟನ್ನೇ ನೋಡಿದಳು. ಆಮೇಲೆ ನಕ್ಕಳು ನೋಡಿ, ಕೋಳಿಗಳು ತಿನ್ನುವುದನ್ನು ಬಿಟ್ಟು ಹಾರಿದವು. ಯಾಕೆ ನಕ್ಕಳೆಂದು ಊರಿಗೆ ತಿಳಿದದ್ದು ಶನಿವಾರ.

ಶನಿವಾರ ಬೆಳಿಗ್ಗೆ ಗಿರಣಿಯ ಮುಂದೆ ಡಬ್ಬಿ, ಬುಟ್ಟಿ, ಚೀಲಗಳ ಸೈನ್ಯ ನಿಂತಿತ್ತು. ಎಲ್ಲಕ್ಕಿಂತ ಮುಂದೆ ವೀರಪ್ಪನವರ ಡಬ್ಬಿ. ವೀರಪ್ಪನವರು ಪಂಚಾಯಿತಿಯ ಮಾಜಿ ಅಧ್ಯಕ್ಷರು. ಮೂವತ್ತು ವರ್ಷದ ಹಿಂದೆ ಗಿರಣಿ ಶುರುವಾದಾಗ ತೆಂಗಿನಕಾಯಿ ಒಡೆದವರು ಅವರೇ. ಆ ಒಂದು ಕಾಯಿಯ ಬಲದ ಮೇಲೆ ಬುಧವಾರವಿರಲಿ, ಶನಿವಾರವಿರಲಿ, ಮೊದಲ ಪಾಳಿ ಅವರದೇ. ಅವರ ಡಬ್ಬಿಯ ಬೆನ್ನಿಗೇ, ಅಕ್ಕಿ ಗೋಧಿಯವರ ನಡುವೆ, ಗಿರಿಜವ್ವ ತನ್ನ ಗೋಧಿ ಡಬ್ಬಿಯನ್ನು ಢಣ್ಣನೆ ಇಟ್ಟಳು.

ವೀರಪ್ಪನವರ ಹೆಂಡತಿ ಮಹೇಶ್ವರಿ ಸೆರಗು ಸಿಕ್ಕಿಸಿಕೊಂಡು ಎದ್ದರು. "ಏ ಗಿರಿಜವ್ವ, ನಿನ್ನ ಪಾಳಿ ಎಲ್ಲೈತಿ ಗೊತ್ತಿಲ್ಲೇನು?"

"ಗೊತ್ತೈತಿ ಚಿಗವ್ವ. ಅದನ್ನ ಕೇಳಾಕ ಬಂದೀನಿ. ಕೆರಿಯಾ, ಹೋದ ಶನಿವಾರ ಕೊನೀಗೆ ಬೀಸಿದ್ದು ಯಾರ್ದು?"

"ನಿಂದು."

"ಆಮ್ಯಾಲೆ ನುಚ್ಚು ಹಾಕ್ದೇನು?"

"ನೀ ಬಂದ ಮೇಲೆ ನುಚ್ಚೆಂತಕ್ಕೆ? ಹನ್ನೆರಡು ವರ್ಷ ಆತು ಹಾಕದೆ."

"ಹಂಗಾರ ಕಲ್ಲಿನ್ಯಾಗ ಉಳಿದ ಎರಡು ಬೊಗಸಿ ನನ್ನ ಹಿಟ್ಟು ಎಲ್ಲಿಗೆ ಹೋಗತೈತಿ?"

"ಕಲ್ಲು ಬಿಚ್ಚಿದ್ರೆ ಕೋಳಿಗೆ," ಎಂದ ಕೆರಿಯ. "ಬಿಚ್ಚದಿದ್ರೆ ಬುಧವಾರ ಮೊದಲು ಬೀಸಿದವರ ಡಬ್ಬಿಗೆ. ಮತ್ತೆ ಎರಡಲ್ಲ, ಮೂರು ಬೊಗಸೆ. ಹಳೇ ಕಲ್ಲು."

"ಬುಧವಾರ ಮೊದಲು ಯಾರ್ದು?"

ಅಲ್ಲಿದ್ದ ಕಣ್ಣುಗಳೆಲ್ಲ ಒಂದೇ ಸಲ ವೀರಪ್ಪನವರ ಮೇಲೆ ತಿರುಗಿದವು. ಅವರು ಬೆಂಚಿನ ಮೇಲೆ ಕೂತು ಪೇಪರ್ ಓದುತ್ತಿದ್ದರು. ಪೇಪರ್ ಮೆಲ್ಲಗೆ ಕೆಳಗಿಳಿಯಿತು.

ಜನರ ಹಿಂದೆ ನಿಂತಿದ್ದ ದುರ್ಗಿ ಬೆರಳು ಮಡಚಿ ಮಡಚಿ ಲೆಕ್ಕ ಹಾಕುತ್ತಿದ್ದಳು. "ವಾರಕ್ಕೆ ಮೂರು ಬೊಗಸಿ, ಹನ್ನೆರಡು ವರ್ಷ... ಅಯ್ಯಯ್ಯ, ಕ್ವಿಂಟಲ್ ದಾಟ್ತಲ್ಲೋ!"

"ಒಂದು ಕ್ವಿಂಟಲ್ ನನ್ನ ಜೋಳ ಉಂಡೀರಿ ಕಾಕಾ," ಎಂದಳು ಗಿರಿಜವ್ವ, ವೀರಪ್ಪನವರ ಕಡೆ ಕೈ ಮುಗಿದು. "ಎದ್ದು ನಿಂತು ಊರಿಗೆ ಹೇಳ್ರಿ. ಏನಾಗೈತಿ ನಿಮಗ?"

ವೀರಪ್ಪನವರು ಎದ್ದು ನಿಂತರು. ಆದರೆ ಚಪ್ಪಲಿಯನ್ನೂ ಮರೆತು ಮನೆಗೆ ನಡೆದರು. ಆ ದಿನ ಇತ್ಯರ್ಥವಾಗಲಿಲ್ಲ. ಗಿರಿಜವ್ವ, "ಮೆಣಸಿನಕಾಯಿ ಹಿಂದ ಇನ್ನ ಬೀಸಂಗಿಲ್ಲ," ಎಂದು ತನ್ನ ಡಬ್ಬಿಯನ್ನು ಹಾಗೆಯೇ ಹೊತ್ತು ಹೋದಳು.

ಮುಂದಿನದನ್ನು ವೀರಪ್ಪನವರೇ ಗಿರಣಿಯಲ್ಲಿ ಹೇಳಿದ್ದು. ಆದ್ದರಿಂದ ಅವರ ಧೈರ್ಯವನ್ನು ಅರ್ಧ ಕಡಿಮೆ ಮಾಡಿಕೊಂಡು ಓದಬೇಕು.

ಸೋಮವಾರ ಮೊದಲ ಬಸ್ಸಿಗೆ ಅವರು ಶಿರಸಿಗೆ ಹೋದರು. ಹನ್ನೆರಡು ವರ್ಷದ ಹಿಂದೆ ಗಿರಿಜವ್ವ ಕೂತಿದ್ದ ಅದೇ ಬೆಂಚಿನ ಮೇಲೆ, ಮುಖಕ್ಕೆ ಟವೆಲ್ ಸುತ್ತಿಕೊಂಡು ಕೂತರು. ಒಳಗೆ ಕರೆದ ರೋಹಿಣಿ ಕೇಳಿದಳು:

"ಎಂತ ಆತು ಅಜ್ಜ? ಹೆದರ್ಬೇಡಿ, ಹೇಳಿ."

"ತಪ್ಪಾಗೈತ್ರಿ. ಹನ್ನೆರಡು ವರ್ಷದಿಂದ ನಡದೈತಿ. ನನಗ ಗೊತ್ತಿರಲಿಲ್ಲ."

"ಯಾರ ಜೊತೆ?"

"ಅಕ್ಕಿ ಜೊತೀಗ್ರಿ."

ರೋಹಿಣಿ ಪೆನ್ನು ಕೆಳಗಿಟ್ಟಳು. "ಎಂತದು?"

"ಹಿಟ್ರಿ. ಜೋಳದ ಹಿಟ್ಟು. ಅದು ಯಾರ್ದಪಾ ಅಂದ್ರ, ನಮ್ಮೂರಾಗ ಒಬ್ಬಾಕಿ—"

"ಹೆಸರು ಬೇಡ," ಎಂದಳು ರೋಹಿಣಿ ತಟ್ಟನೆ. "ಈ ಕೋಣೆಯಿಂದ ಯಾರ ಹೆಸರೂ ಹೊರಗೆ ಹೋಗೂದಿಲ್ಲ, ಯಾರ ಹೆಸರೂ ಒಳಗೆ ಬರೂದಿಲ್ಲ. ಅಜ್ಜ, ಇದು ಹರಡೂದು ರಕ್ತದಿಂದ, ಒಬ್ಬರಿಗೆ ಚುಚ್ಚಿದ ಸೂಜಿ ಇನ್ನೊಬ್ಬರಿಗೆ ಚುಚ್ಚಿದ್ರೆ, ನಿರೋಧ್ ಇಲ್ಲದ ಸಂಬಂಧದಿಂದ, ಔಷಧ ಮಾಡದಿದ್ರೆ ತಾಯಿಯಿಂದ ಕೂಸಿಗೆ. ಇದ್ರಲ್ಲಿ ಗಿರಣಿ ಎಲ್ಲಿ ಬಂತು? ಒಂದೇ ತಾಟಿನಲ್ಲಿ ಉಂಡ್ರೂ ಬರೂದಿಲ್ಲ, ಸೊಳ್ಳೆ ಕಚ್ಚಿದ್ರೂ ಬರೂದಿಲ್ಲ. ಗುಳಿಗೆ ತಪ್ಪದೆ ತಗೊಂಡು, ಪರೀಕ್ಷೆಯಲ್ಲಿ ವೈರಸ್ ಕಾಣದೇ ಇರೋ ಹಾಗೆ ಆಗಿ ಹಾಗೇ ಇದ್ದವರಿಂದ ಗಂಡ ಹೆಂಡತಿ ಕೂಡಿದ್ರೂ ಬರೂದಿಲ್ಲ. ನೀವು ರೊಟ್ಟಿಗೆ ಹೆದ್ರಿ ಬಂದ್ರಾ?"

ಹೆದರಿ ಬಂದವರಿಗೆ ಧೈರ್ಯವಾಗಲೆಂದು ಪರೀಕ್ಷೆಯನ್ನೂ ಮಾಡಿದರು. ಎಚ್‌ಐವಿ ಇಲ್ಲ. ವೀರಪ್ಪನವರು ಟವೆಲ್ ಬಿಚ್ಚಿ ಹೆಗಲಿಗೆ ಹಾಕಿಕೊಂಡು ಮತ್ತೆ ಮಾಜಿ ಅಧ್ಯಕ್ಷರಾದರು. ಬಂದದ್ದು ಬಂದಿರಿ, ಸಕ್ಕರೆಯನ್ನೂ ನೋಡಿಸಿಕೊಂಡು ಹೋಗಿ ಎಂದು ಪಕ್ಕದ ಕೋಣೆಗೆ ಕಳಿಸಿದರು. ಅಲ್ಲಿ ಸಿಕ್ಕಿತು: ಮುನ್ನೂರ ಹನ್ನೆರಡು. ಗಿರಿಜವ್ವನ ಹಿಟ್ಟಿನಿಂದ ಹನ್ನೆರಡು ವರ್ಷದಲ್ಲಿ ಏನೂ ಆಗದವರಿಗೆ ತಮ್ಮದೇ ಮನೆಯ ಶಿರಾ, ಜಿಲೇಬಿಗಳಿಂದ ಆಗಬೇಕಾದ್ದೆಲ್ಲ ಆಗಿತ್ತು. ದಿನವೂ ಗುಳಿಗೆ, ಸರಿಯಾದ ಹೊತ್ತಿಗೆ, ತಪ್ಪಿಸುವಂತಿಲ್ಲ ಎಂದರು.

ಬುಧವಾರ ಬಂತು. ಮರುದಿನ ಯುಗಾದಿ. ಗಿರಣಿಯ ಮುಂದೆ ಊರೆಲ್ಲ ಗೋಧಿ ತಂದು ನಿಂತಿತ್ತು. ಪದ್ಧತಿಯಂತೆ ಮೊದಲು ವೀರಪ್ಪನವರ ಅಕ್ಕಿ. ಕೆರಿಯ ಸ್ವಿಚ್ ಹಾಕಿದ, ಅಕ್ಕಿ ಸುರಿದ. ಕೆಳಗಿನ ಡಬ್ಬಿಗೆ ಇಳಿದ ಹಿಟ್ಟು ಕುಂಕುಮದಂತೆ ಕೆಂಪಗಿತ್ತು. ಮೊದಲು ವೀರಪ್ಪನವರು ಸೀನಿದರು, ಆಮೇಲೆ ಸಾಲಾಗಿ ಊರೇ ಸೀನಿತು.

"ಏ ಕೆರಿಯಾ! ಇದೇನೋ ಇದು?"

"ಶನಿವಾರ ಮೆಣಸಿನಕಾಯಿ ಆದ ಮೇಲೆ ಗಿರಿಜಕ್ಕ ಬೀಸಲಿಲ್ಲ, ನಂಗೆ ನುಚ್ಚು ಹಾಕೂದು ಮರ್ತೇ ಹೋತು," ಎಂದ ಕೆರಿಯ ತಲೆ ಕೆರೆದುಕೊಳ್ಳುತ್ತ. "ಹನ್ನೆರಡು ವರ್ಷದ ರೂಢಿ. ಈಗ ಕಲ್ಲು ತೊಳೆದವ್ರು ನೀವೇ ಆದ್ರಿ."

ಗಿರಿಜವ್ವ ನಗಲಿಲ್ಲ. ತನ್ನ ಡಬ್ಬಿಯನ್ನು ಎತ್ತಿಕೊಂಡು ಮುಂದೆ ಬಂದು ನಿಂತಳು. ಈಗ ಇದ್ದದ್ದು ಒಂದೇ ಪ್ರಶ್ನೆ. ಅವಳು ಬೀಸಿದರೆ ಅವಳ ಹಿಂದೆ ಯಾರು? ಅವಳ ಹಿಂದಿದ್ದವರೆಲ್ಲ ತಮ್ಮ ಡಬ್ಬಿಗಳ ಹಿಡಿಕೆ ಹಿಡಿದು ನಿಂತಿದ್ದರು, ಎತ್ತಿಕೊಂಡು ಹೋಗುವುದೋ ಬಿಡುವುದೋ ತಿಳಿಯದೆ. ಹಾಗೆ ಹೋದರೆ ಕೆರಿಯನ ಗಿರಣಿಯೂ ಹೋಯಿತು, ಅವಳ ಪಾಳಿಯೂ ಹೋಯಿತು.

ವೀರಪ್ಪನವರು ಭಾಷಣಕ್ಕೆ ಗಂಟಲು ಸರಿಮಾಡಿಕೊಂಡರು. ಶಿರಸಿಯ ಕಥೆಯನ್ನೆಲ್ಲ ಹೇಳಿದರು, ಟವೆಲ್ ಒಂದನ್ನು ಬಿಟ್ಟು; ಅದನ್ನು ಆಮೇಲೆ ಹೇಳಿದವರು ಆ ಬೆಂಚಿನ ಮೇಲೆ ಅವರನ್ನು ಕಂಡಿದ್ದ ಊರಿನವರೇ. ಕೊನೆಗೆ, "ನನಗ ಏನೂ ಆಗಿಲ್ಲ. ಊರಿನ ಸಲುವಾಗಿ ಹನ್ನೆರಡು ವರ್ಷ ನನ್ನ ಮೈಮ್ಯಾಲೆ ಪರೀಕ್ಷಾ ಮಾಡೀನಿ ಅಂತ ತಿಳೀರಿ," ಎಂದು ಎದೆಯುಬ್ಬಿಸಿದರು.

"ಸಾಕು ಸುಮ್ನಿರ್ರಿ," ಎಂದರು ಮಹೇಶ್ವರಿ. ಅವರ ಕೈಯಲ್ಲಿ ಇನ್ನೊಂದು ಡಬ್ಬಿಯಿತ್ತು, ಹಬ್ಬದ ಗೋಧಿಯದು. ಸಾಲಿನಲ್ಲಿದ್ದವರನ್ನು ಮೊಣಕೈಯಿಂದ ಸರಿಸಿ ಬಂದು, ಅದನ್ನು ಗಿರಿಜವ್ವನ ಡಬ್ಬಿಯ ಬೆನ್ನಿಗೆ ಒತ್ತಿ ಇಟ್ಟರು. "ಕೆರಿಯಾ, ಆಕೀದು ಬೀಸು. ಆಕೀ ಹಿಂದ ನಂದು. ಹೆಂಗೂ ನಮ್ಮ ಮನ್ಯಾಗ ಒಂದು ಕ್ವಿಂಟಲ್ ತಿಂದಾಗೈತಿ, ಇನ್ನ ಮೂರು ಬೊಗಸೀಲೆ ಏನಾಗೂದೈತಿ?"

"ಚಿಗವ್ವಂದು ಆದ ಮ್ಯಾಲೆ ನಂದು!" ಎಂದು ಹಿಂದಿನಿಂದ ದುರ್ಗಿ ಕೂಗಿದಳು. ಡಬ್ಬಿಗಳ ಹಿಡಿಕೆಯಿಂದ ಕೈಗಳು ಒಂದೊಂದಾಗಿ ಸಡಿಲವಾದವು.

ಕೆರಿಯ ಗೋಧಿ ಸುರಿದ. ವೀರಪ್ಪನವರ ಅಕ್ಕಿ ಕಲ್ಲನ್ನು ಎಷ್ಟು ಚೊಕ್ಕ ಮಾಡಿತ್ತೆಂದರೆ, ಗಿರಿಜವ್ವನ ಹಿಟ್ಟು ಒಂದೇ ಒಂದು ಕೆಂಪು ಚುಕ್ಕೆಯಿಲ್ಲದೆ ಬೆಚ್ಚಗೆ ಇಳಿಯಿತು. ಅವಳು ಅದರಲ್ಲಿ ಮೊಣಕೈವರೆಗೆ ಕೈ ಹಾಕಿ, ಹೊರಗೆ ತೆಗೆದು, ಕೈಯನ್ನೇ ನೋಡುತ್ತ ನಿಂತಳು. ಉರಿ ಇರಲಿಲ್ಲ.

ಯುಗಾದಿಯ ಸಂಜೆ ಅವಳ ಮನೆಯಲ್ಲಿ ಹೂರಣದ ವಾಸನೆ ಎದ್ದು ಬಸ್ಸಿನ ಮರದವರೆಗೂ ಹೋಯಿತು. ಕೆರಿಯ ಬಂದ, ಮಹೇಶ್ವರಿ ಬಂದರು, ದುರ್ಗಿ ಕರೆಯದೆಯೇ ಬಂದಳು. ವೀರಪ್ಪನವರಿಗೆ ಗಿರಿಜವ್ವ ಹೋಳಿಗೆಯನ್ನು ಸರಿಯಾಗಿ ಎರಡು ಮಾಡಿ ಅರ್ಧ ಬಡಿಸಿದಳು.

"ಇಷ್ಟನ ಏನವ್ವ?"

"ಇಷ್ಟ ಕಾಕಾ. ಮುನ್ನೂರ ಹನ್ನೆರಡು. ನನ್ನ ರಿಪೋರ್ಟ್ ನೋಡ್ರಿ, ಎಣಿಸಾಕ ಏನೂ ಸಿಕ್ಕಿಲ್ಲ. ನಾ ನಾಲ್ಕು ತಿಂತೀನಿ."

ಅಷ್ಟರಲ್ಲಿ ಬನವಾಸಿ ಬಸ್ಸು ಹಾರ್ನ್ ಹಾಕಿತು. ಅವಳು ಗುಳಿಗೆ ನುಂಗಿದಳು. ವೀರಪ್ಪನವರೂ ಜೇಬಿನಿಂದ ತಮ್ಮದನ್ನು ತೆಗೆದು, ಅವಳು ನೋಡುತ್ತಾಳೆಂದು ಬೇಗ ನುಂಗಿದರು. ಆಮೇಲೆ ಗಿರಿಜವ್ವ ಬಿಸಿ ಹೋಳಿಗೆಯ ಮೇಲೆ ತನ್ನ ಎಮ್ಮೆಯ ತುಪ್ಪ ಸುರಿದುಕೊಂಡು, ಹನ್ನೆರಡು ವರ್ಷದ ಬಳಿಕ ಮೊದಲ ತುತ್ತನ್ನು ಬಾಯಿಗಿಟ್ಟಳು. ಎಲ್ಲರೂ ತಿನ್ನುವುದನ್ನು ನಿಲ್ಲಿಸಿ ಅವಳ ಮುಖವನ್ನೇ ನೋಡಿದರು. ಅವಳು ಕಣ್ಣು ಮುಚ್ಚಿ ನಿಧಾನವಾಗಿ ಅಗಿದಳು. ರೆಪ್ಪೆಯಂಚಿನಲ್ಲಿ ನೀರು ಬಂತು, ಈ ಸಲ ಖಾರದ್ದಲ್ಲ.

"ಹೆಂಗಾಗೈತಿ?" ಎಂದು ಮಹೇಶ್ವರಿ ಮೆಲ್ಲಗೆ ಕೇಳಿದರು.

ಗಿರಿಜವ್ವ ಕಣ್ಣು ತೆರೆದು, ನಾಲಿಗೆ ಚಪ್ಪರಿಸಿ, ಸ್ವಲ್ಪ ಯೋಚಿಸಿದಳು.

"ಚಲೋ ಆಗೈತಿ. ಖಾರ ಒಂದೀಟು ಕಡಿಮಿ ಆತು, ನೋಡು."